ಎರ್ಟಿಗಾದ ಮುಂದಿನ ಟೈರ್‌ಗಳು ಒಳಭಾಗದಲ್ಲಿ ಮಾತ್ರ ಸವೆದಿವೆ: ಎರಡು ಬದಲಿಸಿದರೆ ಸಾಕೇ, ನಾಲ್ಕೂ ಬೇಕೇ?

ಲೆಕ್ಕದ ಟೀಚರ್, ತುಮಕೂರು

ನಮ್ಮದು 2019ರ ಪೆಟ್ರೋಲ್ ಎರ್ಟಿಗಾ. ಟೈರ್ 185/65 ಆರ್15, ಗಾಡಿಯ ಜೊತೆಗೇ ಬಂದವು. ಇದುವರೆಗೆ ಓಡಿರುವುದು 50 ಸಾವಿರ ಕಿ.ಮೀ. ಆಸುಪಾಸು. ನಾನು ಶಾಲೆಗೆ ಬಸ್ಸಿನಲ್ಲಿ ಹೋಗುವುದರಿಂದ ವಾರದ ದಿನಗಳಲ್ಲಿ ಗಾಡಿ ಮನೆ ಮುಂದೆ ಬಿಸಿಲಿಗೆ ನಿಂತಿರುತ್ತದೆ. ಓಡಾಟವೆಂದರೆ ಮಧುಗಿರಿ ಮೇಲೆ ಪಾವಗಡದ ಅತ್ತೆಯ ಮನೆಗೆ, ಆಗಾಗ ಬೆಂಗಳೂರಿಗೆ, ಮಳೆಗಾಲ ಮುಗಿಯುವ ಮೊದಲು ಮನೆಮಂದಿಯೆಲ್ಲ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ.

ಹೋದ ವಾರ ಗಾಳಿ ಹಿಡಿಸಲು ನಿಲ್ಲಿಸಿದಾಗ ಪಂಕ್ಚರ್ ಅಂಗಡಿಯ ಹುಡುಗ, "ಅಕ್ಕಾ, ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಇಳಿದು ಬಂದು ನೋಡಿ" ಎಂದ. ಮುಂದಿನ ಎರಡೂ ಟೈರ್‌ಗಳ ಹೊರಭಾಗ ಚೆನ್ನಾಗಿಯೇ ಇದೆ. ಒಳಭಾಗದಲ್ಲಿ ಎರಡು ಬೆರಳಗಲ ಬೋಳು. ಚಕ್ರ ನೇರವಾಗಿದ್ದಾಗ ಹೊರಗೆ ನಿಂತವರಿಗೆ ಇದು ಕಾಣುವುದೇ ಇಲ್ಲ.

ಟೈರ್ ಅಂಗಡಿಗೆ ಹೋದೆವು. ಪ್ರಶ್ನೆ ಕೇಳಿದವಳು ನಾನು, ಗಾಡಿ ಓಡಿಸುವವಳೂ ನಾನು. ಉತ್ತರ ಹೋಗಿದ್ದು ಮಾತ್ರ ಪಕ್ಕದಲ್ಲಿ ಮೊಬೈಲ್ ನೋಡುತ್ತ ನಿಂತಿದ್ದ ನನ್ನ ಎಸ್ಸೆಸ್ಸೆಲ್ಸಿ ಮಗನಿಗೆ. ನಾಲ್ಕೂ ಬದಲಿಸಲೇಬೇಕು, ಎರಡೇ ಹಾಕುವ ಪದ್ಧತಿ ಇಲ್ಲವಂತೆ. ಹೇಗೂ ಹಾಕಿಸುವುದಾದರೆ ಒಂದು ಸೈಜ್ ದೊಡ್ಡದು, 195/65 ಹಾಕಿಸಿದರೆ ಹಿಡಿತ ಚೆನ್ನಾಗಿರುತ್ತದಂತೆ. ನೈಟ್ರೋಜನ್ ಬಿಟ್ಟಿ ಕೊಡುತ್ತಾರಂತೆ. ಒಳಭಾಗವೇ ಏಕೆ ಸವೆಯಿತು ಎಂದು ಕೇಳಿದ್ದಕ್ಕೆ, "ನಮ್ಮ ರಸ್ತೆಗಳೇ ಹಾಗೆ ಮೇಡಂ." ಟೈರಿನ ಒಳಭಾಗಕ್ಕೊಂದು ರಸ್ತೆ, ಹೊರಭಾಗಕ್ಕೊಂದು ರಸ್ತೆ ಇರುವುದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಟೈರಿನ ಅಗಲ 185 ಮಿ.ಮೀ., ಅದರ ಶೇ 65 ಅಂದರೆ 120.25 ಮಿ.ಮೀ. ಪಕ್ಕದ ಗೋಡೆಯ ಎತ್ತರ. ಮೇಲೊಂದು ಕೆಳಗೊಂದು, ನಡುವೆ 15 ಇಂಚಿನ ಡಿಸ್ಕ್ ಎಂದರೆ 381 ಮಿ.ಮೀ. ಒಟ್ಟು ವ್ಯಾಸ 621.5. ಇದೇ ಲೆಕ್ಕದಲ್ಲಿ 195/65 ಟೈರಿನ ವ್ಯಾಸ 634.5. ಶೇ 2ರಷ್ಟು ದೊಡ್ಡದು. ಅದನ್ನು ಹಾಕಿದರೆ ಮೀಟರ್ 100 ತೋರಿಸುವಾಗ ಗಾಡಿ ಈಗಿನದಕ್ಕಿಂತ 2 ಕಿ.ಮೀ. ಜೋರಾಗಿ ಓಡುತ್ತಿರುತ್ತದೆ. ಅನಾಹುತವೇನಲ್ಲ, ಆದರೆ ನನಗೆ ಇದರಿಂದ ಏನು ಲಾಭ?

ಎರಡು ಸಾಕೇ, ನಾಲ್ಕು ಬೇಕೇ? ಎರಡೇ ಆದರೆ ಹೊಸವು ಮುಂದಕ್ಕೋ ಹಿಂದಕ್ಕೋ? ಯಾವ ಕಂಪನಿಯದು? ಹಿಂದಿನ ಎರಡರಲ್ಲಿ ಇನ್ನೂ ಅರ್ಧದಷ್ಟು ಟ್ರೆಡ್ (ನೆಲ ಮುಟ್ಟುವ, ಗೆರೆಗಳಿರುವ ರಬ್ಬರ್) ಇದೆ. ಮಗಳ ಕಾಲೇಜು ಶುಲ್ಕವನ್ನು ಈಗ ತಾನೇ ಕಟ್ಟಿರುವುದರಿಂದ ಈ ಪ್ರಶ್ನೆ.

ಕುಣಿಗಲ್ ಟ್ಯಾಕ್ಸಿ

ಮೇಡಂ, ಎರಡು ಸಾಕು. ಅರ್ಧ ಟ್ರೆಡ್ ಇರುವ ಟೈರ್ ಎಸೆಯುವಷ್ಟು ದುಡ್ಡು ಯಾರ ಬಳಿ ಇದೆ? ಹೊಸವನ್ನು ಮುಂದಕ್ಕೆ ಹಾಕಿಸಿ. ಎಂಜಿನ್ ಭಾರ ಅಲ್ಲಿ, ಎಳೆಯುವ ಚಕ್ರ ಅದು, ತಿರುಗುವ ಚಕ್ರವೂ ಅದೇ. ನಾನು ಎಲ್ಲ ಗಾಡಿಗಳಿಗೂ ಹಾಗೆಯೇ ಮಾಡುವುದು.

ಕಂಪನಿಯ ವಿಷಯ: ಬಾಳಿಕೆ ಮುಖ್ಯವಾದರೆ ಎಂಆರ್‌ಎಫ್ ಇಲ್ಲವೇ ಅಪೋಲೊ ಅಮೇಜರ್. ಗಾಡಿಯೊಳಗೆ ಸದ್ದು ಕಡಿಮೆ ಇರಬೇಕು, ಮಳೆಯಲ್ಲಿ ಹಿಡಿತ ಬೇಕು ಅಂದರೆ ಯೊಕೊಹಾಮಾ, ಮಿಶೆಲಿನ್, ಕಾಂಟಿನೆಂಟಲ್ ಕಡೆ ನೋಡಿ, ಬೆಲೆ ತುಸು ಮೇಲೆ. ನನ್ನ ಗಾಡಿಯಲ್ಲಿ ಸಿಯೆಟ್ ಇದೆ, ಚೆನ್ನಾಗಿಯೇ ಇದೆ. ಸೈಜ್ ದೊಡ್ಡದು ಮಾಡಬೇಡಿ, ಮೈಲೇಜ್ ಹೋಗುತ್ತದೆ. ಎರಡಕ್ಕೆ ಮಾತ್ರ ದೊಡ್ಡದು ಹಾಕಿದರೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬದಲಿಸಿಕೊಳ್ಳಲೂ ಆಗುವುದಿಲ್ಲ.

ಹಳೇ ಡಿಪೋ, ಗುಬ್ಬಿ

ಟೀಚರಮ್ಮ, ನಾನು ಬಸ್ ಡಿಪೋದ ಟೈರ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ನಮ್ಮಲ್ಲಿ ಸವೆದ ಟೈರ್ ಕೆಳಗಿಳಿದರೆ, ಅದು ಎಲ್ಲಿ ಹೇಗೆ ಸವೆದಿದೆ ಎಂಬುದನ್ನು ಮೊದಲು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆವು. ಹೊಸದರ ಮಾತು ಆಮೇಲೆ. ನೀವು ಕೇಳಿದ ನಾಲ್ಕು ಪ್ರಶ್ನೆಗಳಿಗಿಂತ ಅಂಗಡಿಯಲ್ಲಿ ಕೇಳಿದ ಐದನೆಯದೇ ದೊಡ್ಡದು: ಒಳಭಾಗವೇ ಏಕೆ?

ಚಪ್ಪಲಿ ಒಂದೇ ಕಡೆ ಸವೆಯುತ್ತಿದ್ದರೆ ನೋಡಬೇಕಾದ್ದು ನಡಿಗೆಯನ್ನು. ಟೈರಿನ ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಓಡಿಸಿದ್ದೀರಿ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ದಣಿದಿದೆ. ಒಂದೇ ಟೈರಿನ ಒಳಭಾಗ ಹೋಗಿದ್ದರೆ ಆ ಕಡೆಯ ಚಕ್ರವನ್ನು ಹಿಡಿದಿರುವ ಲೋಯರ್ ಆರ್ಮ್ ಅಥವಾ ಸ್ಟ್ರಟ್ ಎಲ್ಲೋ ಹೊಡೆತ ತಿಂದು ಬಾಗಿರಬಹುದು. ನಿಮ್ಮಂತೆ ಎರಡೂ ಟೈರ್ ಸಮನಾಗಿ ಒಳಗೆ ಸವೆದಿದ್ದರೆ ನನ್ನ ಮೊದಲ ಅನುಮಾನ ಟೋ ಮೇಲೆ. ಮೇಲಿನಿಂದ ನೋಡಿದರೆ ಎರಡು ಚಕ್ರಗಳೂ ಮುಂಭಾಗದಲ್ಲಿ ಕೂದಲೆಳೆಯಷ್ಟು ಹೊರಕ್ಕೆ ತೆರೆದುಕೊಂಡಿರುತ್ತವೆ. ಗಾಡಿ ನೇರ ಹೋಗುತ್ತದೆ, ಟೈರ್ ಮಾತ್ರ ದಾರಿಯುದ್ದಕ್ಕೂ ಅಡ್ಡಡ್ಡ ಉಜ್ಜಿಕೊಂಡು ಬರುತ್ತದೆ.

ಇದನ್ನು ಕೈಯಿಂದಲೇ ತಿಳಿಯಬಹುದು. ಗಾಡಿ ನಿಲ್ಲಿಸಿ, ಸ್ಟೇರಿಂಗ್ ತಿರುಗಿಸಿ, ತಂತಿ ಹೊರಬಂದಿಲ್ಲವೆಂದು ಕಣ್ಣಿನಿಂದ ಖಾತ್ರಿ ಮಾಡಿಕೊಂಡ ಮೇಲೆ ಅಂಗೈಯನ್ನು ಟ್ರೆಡ್ಡಿನ ಮೇಲೆ ಅಡ್ಡಲಾಗಿ ಸವರಿ. ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ. ಒಂದು ದಿಕ್ಕಿಗೆ ನುಣುಪಾಗಿದ್ದು ಇನ್ನೊಂದು ದಿಕ್ಕಿಗೆ ತರಚಿದರೆ ಟೋ ಕೆಟ್ಟಿದೆ. ಟೋ ಕೆಡಲು ಟೈ ರಾಡ್ ಎಂಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು) ಸಡಿಲವಾಗಿರಬಹುದು, ಲೋಯರ್ ಆರ್ಮಿನ ರಬ್ಬರ್ ಬುಷ್ ಹರಿದಿರಬಹುದು. ಪಾವಗಡದ ದಾರಿಯಲ್ಲಿ ಊರಿಗೊಂದು ಹಂಪ್ ಇದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಸಡಿಲವಾದ ಭಾಗವನ್ನು ಬದಲಿಸದೆ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಮಾಡಿಸಿದರೆ ಯಂತ್ರ ಹಸಿರು ತೋರಿಸುತ್ತದೆ, ಮೊದಲ ಹಂಪಿನಲ್ಲಿ ಅದು ಮತ್ತೆ ಮೊದಲಿನಂತೆಯೇ. ಮುಂದಿನ ಚಕ್ರಗಳಲ್ಲಿ ಟೋ ಒಂದನ್ನೇ ತಿರುಗಿಸಿ ಸರಿಪಡಿಸಲು ಸಾಧ್ಯ. ನಿಮ್ಮಂಥ ಗಾಡಿಯಲ್ಲಿ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲುವುದನ್ನು ಹೊಂದಿಸಲು ತಿರುಪೇ ಇಲ್ಲ, ಅದು ತಪ್ಪಿದ್ದರೆ ಬಾಗಿದ ಭಾಗವನ್ನೇ ಬದಲಿಸಬೇಕು. "ಕ್ಯಾಂಬರ್ ಸೆಟ್ ಮಾಡಿದ್ದೇವೆ" ಎಂದು ಬಿಲ್ ಬರೆದರೆ ಎಲ್ಲಿ, ಹೇಗೆ ಮಾಡಿದಿರಿ ಎಂದು ಕೇಳಿ.

ಇನ್ನು ಎರಡೋ ನಾಲ್ಕೋ. ಹಿಂದಿನ ಟೈರಿನ ಪಕ್ಕದ ಗೋಡೆಯಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 0819 ಇದ್ದರೆ 2019ರ ಎಂಟನೇ ವಾರ. ಕೆಲವೊಮ್ಮೆ ಈ ಅಂಕಿ ಒಳಗಿನ ಗೋಡೆಯ ಮೇಲಿರುತ್ತದೆ, ಬಗ್ಗಿ ನೋಡಬೇಕು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ಪರೀಕ್ಷಿಸಬೇಕು, ಹತ್ತು ವರ್ಷವಾದರೆ ಟ್ರೆಡ್ ಎಷ್ಟಿದ್ದರೂ ತೆಗೆದುಹಾಕಬೇಕು ಎಂದು ಟೈರ್ ಕಂಪನಿಗಳೇ ಹೇಳುತ್ತವೆ. ನಮ್ಮ ಬಿಸಿಲಿನಲ್ಲಿ ನಿಲ್ಲುವ ಗಾಡಿಗೆ ನಾನು ಹತ್ತು ವರ್ಷವನ್ನೆಲ್ಲ ಕಾಯುವುದಿಲ್ಲ. ಪಕ್ಕದ ಗೋಡೆಯಲ್ಲಿ, ಟ್ರೆಡ್ಡಿನ ಗೆರೆಗಳ ಬುಡದಲ್ಲಿ ಸಣ್ಣ ಬಿರುಕು ಕಂಡರೆ ನಾಲ್ಕೂ ಬದಲಿಸಿ. ಬಿರುಕಿಲ್ಲದಿದ್ದರೆ ಎರಡು ಸಾಕು, ನಾಲ್ಕೇ ಹಾಕಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಟ್ರೆಡ್ಡಿನ ಗೆರೆಗಳ ನಡುವೆ ಅಡ್ಡಲಾಗಿ ಸಣ್ಣ ದಿಬ್ಬಗಳಿವೆ, ಅವುಗಳ ಎತ್ತರ 1.6 ಮಿ.ಮೀ. ಟ್ರೆಡ್ ಆ ಮಟ್ಟಕ್ಕೆ ಇಳಿದರೆ ಟೈರಿನ ಆಯಸ್ಸು ಮುಗಿಯಿತು. ಘಾಟಿಯ ಮಳೆಯಲ್ಲಿ ಓಡಿಸುವವರು ಅಷ್ಟರವರೆಗೂ ಕಾಯಬಾರದು.

ಎರಡೇ ಆದರೆ, ಹೊಸವು ಹಿಂದಕ್ಕೆ.

ಕುಣಿಗಲ್ ಟ್ಯಾಕ್ಸಿ

ಅಣ್ಣಾ, ನಿಮ್ಮ ಡಿಪೋದಲ್ಲೇ ಹೊಸ ಟೈರ್ ಮುಂದಕ್ಕೆ ಹಾಕುತ್ತಾರಲ್ಲ? ರಿಟ್ರೆಡ್ ಮಾಡಿದ್ದನ್ನು (ಹಳೆಯದಕ್ಕೆ ಹೊಸ ರಬ್ಬರ್ ಅಂಟಿಸಿದ್ದನ್ನು) ಹಿಂದಕ್ಕೆ ಹಾಕುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕಾರಿಗೆ ಮಾತ್ರ ಉಲ್ಟಾ ಏಕೆ?

ಹಳೇ ಡಿಪೋ, ಗುಬ್ಬಿ

ಒಳ್ಳೆಯ ಪ್ರಶ್ನೆ ತಮ್ಮಾ. ಬಸ್ಸಿನ ಹಿಂದೆ ಒಂದೊಂದು ಕಡೆಗೆ ಎರಡೆರಡು ಚಕ್ರ. ಒಂದು ಒಡೆದರೆ ಇನ್ನೊಂದು ಹೊರುತ್ತದೆ. ಮುಂದೆ ಇರುವುದು ಒಂದೇ, ಅದು ಒಡೆದರೆ ಡ್ರೈವರನ ಕೈಯಿಂದ ಸ್ಟೇರಿಂಗ್ ಕಿತ್ತುಕೊಳ್ಳುತ್ತದೆ. ಹಾಗಾಗಿ ಒಳ್ಳೆಯದು ಮುಂದೆ.

ಕಾರಿನಲ್ಲಿ ಯೋಚಿಸಬೇಕಾದ್ದು ನೀರಿನ ಬಗ್ಗೆ. ಟ್ರೆಡ್ ಕಡಿಮೆಯಾದ ಟೈರ್ ನೀರನ್ನು ಹೊರಹಾಕಲಾರದೆ ಅದರ ಮೇಲೆ ತೇಲುತ್ತದೆ. ಮುಂದಿನವು ತೇಲಿದರೆ ಗಾಡಿ ತಿರುವಿನಲ್ಲಿ ನೇರಕ್ಕೆ ಎಳೆಯುತ್ತದೆ. ನಿಮಗೆ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ, ಕಾಲು ತೆಗೆದರೆ ವೇಗ ಇಳಿದು ಮತ್ತೆ ಹಿಡಿತ ಸಿಗುತ್ತದೆ. ಹಿಂದಿನವು ತೇಲಿದರೆ ಬಾಲ ಬೀಸಿ ಗಾಡಿಯೇ ಗಿರ್ರೆಂದು ತಿರುಗುತ್ತದೆ. ಗೊತ್ತಾಗುವ ಹೊತ್ತಿಗೆ ನೀವು ಬಂದ ದಾರಿಯನ್ನೇ ನೋಡುತ್ತಿರುತ್ತೀರಿ. ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರಗಳು ಇನ್ನಷ್ಟು ಹಗುರಾಗುತ್ತವೆ. ಎಳೆಯುವ ಚಕ್ರ ಮುಂದಿದ್ದರೂ ಇದೇ ನಿಯಮ. ಒಣ ರಸ್ತೆಯಲ್ಲಿ ಓಡಿಸುತ್ತ ಇಷ್ಟು ವರ್ಷ ನಿಮಗೆ ವ್ಯತ್ಯಾಸ ತಿಳಿದಿರಲಾರದು, ಸಕಲೇಶಪುರದ ಕಡೆ ಬಾಡಿಗೆ ಸಿಕ್ಕಾಗ ನೆನಪಿಟ್ಟುಕೊಳ್ಳಿ.

ಟೀಚರಮ್ಮನಿಗೆ ಇನ್ನಷ್ಟು. ಹೊಸ ಟೈರ್ ಕೊಳ್ಳುವಾಗ 185/65 ಆರ್15 ಎಂಬುದರ ಪಕ್ಕದಲ್ಲಿರುವ ಅಂಕಿ, ಅಕ್ಷರವನ್ನೂ ಓದಿ. 88 ಎಂದರೆ ಒಂದು ಟೈರ್ ಹೊರಬಲ್ಲ ಭಾರ 560 ಕೆ.ಜಿ. ಅಕ್ಷರ ವೇಗಕ್ಕೆ: ಎಸ್ 180, ಟಿ 190, ಎಚ್ 210 ಕಿ.ಮೀ. ಏಳು ಜನ ಕೂರುವ ಗಾಡಿ, ಈಗ ಇರುವುದಕ್ಕಿಂತ ಕಡಿಮೆ ಅಂಕಿಯದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಐಎಸ್‌ಐ ಗುರುತು, ಅದರೊಂದಿಗೆ ಐಎಸ್ 15633 ಎಂಬ ಸಂಖ್ಯೆ ಇರಬೇಕು. ಕಾರಿನ ಟೈರಿಗೆ ಇರುವ ಸಂಖ್ಯೆ ಅದು. ಹೊರದೇಶದ ಮಾಲಾದರೂ ಇದು ಇರಲೇಬೇಕು. ತಯಾರಾಗಿ ಆರು ತಿಂಗಳೊಳಗಿನದು ಸಿಕ್ಕರೆ ಸಂತೋಷ, ವರ್ಷ ದಾಟಿದ್ದನ್ನು ರಿಯಾಯಿತಿ ಕೊಟ್ಟರೂ ವಾಪಸ್ ಇಡಿಸಿ. ಕಂಪನಿಯ ಹೆಸರು ಕೊನೆಗೆ. ಗೊತ್ತಿರುವ ಯಾವ ಕಂಪನಿಯದಾದರೂ ಸರಿ, ಟೋ ಕೆಟ್ಟಿದ್ದರೆ ಎಲ್ಲವೂ ಒಂದೇ ರೀತಿ ಬೋಳಾಗುತ್ತವೆ.

ಹಾಕುವಾಗ ಕುರ್ಚಿ ಕೊಟ್ಟು ಚಹಾ ತರಿಸುತ್ತಾರೆ. ಕೂರಬೇಡಿ, ಹತ್ತಿರ ಹೋಗಿ ನಿಲ್ಲಿ.

ಶಿರಾ ಗೇಟ್

ಬಿಲ್ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಬೆಲೆಪಟ್ಟಿ ತೋರಿಸಿ ಅದರ ಮೇಲೆ "ಡಿಸ್ಕೌಂಟ್" ಕೊಡುವವರಿದ್ದಾರೆ, ಅಂದರೆ ಸರ್ಕಾರ ಬಿಟ್ಟುಕೊಟ್ಟ ಹಣವನ್ನೇ ತಮ್ಮ ಉದಾರತೆ ಎಂದು ಹೇಳುವುದು. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಟೈರಿನ ಕ್ರಮಸಂಖ್ಯೆ ಬರೆಸಿ. ವಾರಂಟಿಗೆ ಹೋದಾಗ ಅದನ್ನೇ ಕೇಳುತ್ತಾರೆ.

ಲೆಕ್ಕದ ಟೀಚರ್, ತುಮಕೂರು

ಎಲ್ಲರಿಗೂ ಧನ್ಯವಾದಗಳು. ಶಿರಾ ಗೇಟ್ ಅವರೇ, 128 ಇದ್ದದ್ದು 118 ಆದರೆ ಬೆಲೆ ಇಳಿಯುವುದು ಶೇ 10 ಅಲ್ಲ, 8ಕ್ಕಿಂತ ತುಸು ಕಡಿಮೆ. ಅಂಗಡಿಯಲ್ಲೂ ಇದನ್ನು ಹೇಳಬೇಕಾಗಿ ಬಂತು, ಈ ಸಲ ಉತ್ತರ ನನಗೇ ಬಂತು.

ಡಿಪೋ ಸರ್ ಹೇಳಿದಂತೆ ಕೈ ಸವರಿ ನೋಡಿದೆ. ಹೊರಕ್ಕೆ ಸವರಿದರೆ ನುಣುಪು, ಒಳಕ್ಕೆ ತಂದರೆ ಅಂಗೈ ತಡೆಯುತ್ತದೆ. ಹಿಂದಿನ ಟೈರ್‌ಗಳ ಅಂಕಿ 0919. ಟಾರ್ಚ್ ಹಿಡಿದು ನೋಡಿದಾಗ ಬಿಸಿಲು ಬೀಳುವ ಕಡೆಯ ಟೈರಿನ ಪಕ್ಕದ ಗೋಡೆಯಲ್ಲಿ, ಡಿಸ್ಕಿನಿಂದ ಎರಡು ಬೆರಳು ಮೇಲೆ, ಸುತ್ತಲೂ ಸಣ್ಣ ಸಣ್ಣ ಬಿರುಕು. ಹೆಬ್ಬೆರಳಿನಿಂದ ಒತ್ತಿದರೆ ಬಾಯಿ ಬಿಡುತ್ತವೆ. ನಾಲ್ಕೂ ಬದಲಿಸಿದೆ. ಮೊದಲ ಅಂಗಡಿಯವರು ಹೇಳಿದ ಸಂಖ್ಯೆಯೇ ಕೊನೆಗೆ ಸರಿಯಾಯಿತು, ಆದರೆ ಉತ್ತರ ಸರಿಯಿದ್ದು ಕ್ರಮ ತಪ್ಪಿದ್ದರೆ ನಾನು ಮಕ್ಕಳಿಗೂ ಪೂರ್ಣ ಅಂಕ ಕೊಡುವುದಿಲ್ಲ. ಅವರ ಬಳಿ ಹೋಗಲಿಲ್ಲ.

ಮೊದಲು ಮೆಕ್ಯಾನಿಕ್ ಬಳಿ ಗಾಡಿ ಎತ್ತಿಸಿದೆ. ಚಕ್ರವನ್ನು ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿದಾಗ ಎಡಗಡೆಯ ಟೈ ರಾಡ್ ಎಂಡ್ ಟಕ್ ಟಕ್ ಎಂದಿತು. ಎರಡೂ ಕಡೆಯವನ್ನು ಬದಲಿಸಿದರು. ಆಮೇಲೆ ಬಿ.ಎಚ್. ರಸ್ತೆಯ ಬೇರೊಂದು ಅಂಗಡಿಯಲ್ಲಿ ಟೈರ್, ಅದೇ 185/65, 88ಎಚ್. ಕಂಪನಿಯ ಹೆಸರು ಹೇಳಿದರೆ ಚರ್ಚೆ ಅಲ್ಲಿಗೇ ಹರಿಯುತ್ತದೆ, ಹಾಗಾಗಿ ಬೇಡ. ನಾಲ್ಕೂ ಒಂದೇ ಮಾದರಿ, ಮೂರು ತಿಂಗಳ ಹಿಂದೆ ತಯಾರಾದವು.

ಚಹಾ ಬಂತು, ನಿಂತೇ ಕುಡಿದೆ. ಹುಡುಗ ಹಳೆಯ ಟೈರ್ ಬಿಚ್ಚಿ ನೇರ ಹೊಸದನ್ನು ಏರಿಸಲು ಹೊರಟಿದ್ದ. ಡಿಸ್ಕಿನ ಅಂಚಿನಲ್ಲಿ ತುಕ್ಕಿನ ಹುಡಿಯೂ ಕಪ್ಪು ರಬ್ಬರ್ ಸಿಪ್ಪೆಯೂ ಅಂಟಿಕೊಂಡಿದ್ದವು. ತೋರಿಸಿದೆ, ತಂತಿ ಬ್ರಷ್‌ನಿಂದ ಉಜ್ಜಿದ. ವಾಲ್ವ್ ಹೊಸದು ಹಾಕಿಸಿದೆ, ನಾಲ್ಕಕ್ಕೂ ಸೇರಿ ಒಂದು ಊಟದ ದುಡ್ಡೂ ಆಗಲಿಲ್ಲ. ಪಕ್ಕದ ಗೋಡೆಯ ಮೇಲೆ "ಹೊರಗೆ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಅದು ಹೊರಗೇ ಬಂತು. ಹಳದಿ ಚುಕ್ಕೆಯನ್ನು ವಾಲ್ವಿನ ನೇರಕ್ಕೆ ಇಟ್ಟ. ಅಲ್ಲಿ ಟೈರ್ ಹಗುರವಂತೆ, ವಾಲ್ವ್ ಭಾರ ಅಲ್ಲಿಗೆ ಬಂದರೆ ಚಕ್ರದ ತೂಕ ಸಮ ಮಾಡಲು ಅಂಟಿಸುವ ಸೀಸದ ತುಂಡು ಕಡಿಮೆ ಸಾಕು. ನನಗೆ ಇಡೀ ದಿನದಲ್ಲಿ ಹೆಚ್ಚು ಇಷ್ಟವಾದದ್ದು ಈ ಚುಕ್ಕೆ. ಒಂದು ಚಕ್ರಕ್ಕೆ ಬ್ಯಾಲೆನ್ಸಿಂಗ್ ಯಂತ್ರ 70 ಗ್ರಾಂ ಕೇಳಿತು. ಅಷ್ಟು ಅಂಟಿಸುವ ಬದಲು ಟೈರನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ತಿರುಗಿಸಿ ನೋಡಬಹುದೇ ಎಂದು ಕೇಳಿದೆ. ಮುಖ ಸಣ್ಣದು ಮಾಡಿಕೊಂಡು ತಿರುಗಿಸಿದ, 25ಕ್ಕೆ ಇಳಿಯಿತು.

ಅಲೈನ್‌ಮೆಂಟ್ ಹಾಳೆ ನೋಡಿ. ಮೊದಲು ಮುಂದಿನ ಟೋ ಎಡಕ್ಕೆ −0.31, ಬಲಕ್ಕೆ −0.27 ಡಿಗ್ರಿ, ಎರಡೂ ಋಣ, ಅಂದರೆ ಹೊರಕ್ಕೆ ತೆರೆದದ್ದು. ಈಗ ಎರಡೂ 0.05ರ ಒಳಗೆ. ಕ್ಯಾಂಬರ್ ಮಿತಿಯೊಳಗೇ ಇತ್ತು, ಯಾರೂ ಮುಟ್ಟಲಿಲ್ಲ. ನೈಟ್ರೋಜನ್ ಬೇಡವೆಂದೆ. ಗಾಳಿಯಲ್ಲಿ ಅದು ಶೇ 78 ಇದ್ದೇ ಇದೆ.

ಒಂದೇ ಒಂದು ಅನುಮಾನ ಉಳಿದಿದೆ. ನಟ್ಟುಗಳನ್ನು ಗಾಳಿಯ ಗನ್ನಿನಿಂದ ಟರ್ರೆಂದು ಬಿಗಿದರು. ಮನೆಗೆ ಬಂದು ಗಾಡಿಯ ಜೊತೆ ಕೊಟ್ಟಿರುವ ಸ್ಪ್ಯಾನರ್ ಹಾಕಿದರೆ ಅಲುಗುವುದೇ ಇಲ್ಲ. ಮತ್ತೆ, ಸ್ಟೆಪ್ನಿ? ಅದೂ 2019ರದೇ, ಒಮ್ಮೆಯೂ ನೆಲ ಮುಟ್ಟಿಲ್ಲ.

ಹಳೇ ಡಿಪೋ, ಗುಬ್ಬಿ

ನಾಳೆಯೇ ಅಂಗಡಿಗೆ ಹೋಗಿ ನಟ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿಸಿಕೊಳ್ಳಿ. ಗನ್ ಶುರುವಿಗೆ ಮಾತ್ರ, ಕೊನೆಯ ಬಿಗಿತ ಟಾರ್ಕ್ ರೆಂಚಿನಿಂದ (ಬಿಗಿತದ ಅಳತೆ ಇರುವ ಸ್ಪ್ಯಾನರ್), ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದು. ಎಷ್ಟು ಬಿಗಿಯಬೇಕೆಂದು ಗಾಡಿಯ ಪುಸ್ತಕದಲ್ಲಿ ಬರೆದಿದೆ. ಅತಿಯಾಗಿ ಬಿಗಿದರೆ ಬೋಲ್ಟ್ ಎಳೆದು ಸೊರಗುತ್ತದೆ. ಕೊರಟಗೆರೆ ದಾಟಿದ ಮೇಲೆ ರಾತ್ರಿ ಪಂಕ್ಚರ್ ಆದರೆ ನಿಮ್ಮ ಕೈಯಿಂದ ಬಿಚ್ಚಲು ಆಗಬೇಕು, ಅದೇ ಅಳತೆ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ಜಿಡ್ಡು ಇರುತ್ತದೆ, ಮೊದಲ ಇನ್ನೂರು ಮುನ್ನೂರು ಕಿ.ಮೀ. ಜೋರಾದ ಬ್ರೇಕ್, ಜೋರಾದ ತಿರುವು ಬೇಡ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ. ಗಾಡಿ ತುಂಬಿದಾಗ ಹಿಂದಕ್ಕೆ ಎಷ್ಟು ಎಂಬುದನ್ನೂ ಅದರಲ್ಲಿ ನೋಡಿಕೊಳ್ಳಿ. ಧರ್ಮಸ್ಥಳಕ್ಕೆ ಹೊರಡುವ ಹಿಂದಿನ ದಿನ ಅದರಂತೆ ಹಾಕಿಸಿ, ಬಂದ ಮೇಲೆ ಇಳಿಸಿ. ಹತ್ತು ಸಾವಿರ ಕಿ.ಮೀ. ಆಸುಪಾಸು ಮುಂದಿನವು ಹಿಂದಕ್ಕೆ, ಹಿಂದಿನವು ಮುಂದಕ್ಕೆ. ಆಗ ಅಂಗೈ ಸವರಿ ನೋಡಿ, ಟೋ ಮತ್ತೆ ಕೆಟ್ಟಿದ್ದರೆ ಅದೇ ಹೇಳುತ್ತದೆ.

ಸ್ಟೆಪ್ನಿ ನೆಲ ಮುಟ್ಟದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಅದನ್ನು ಈ ನಾಲ್ಕರ ಸರದಿಗೆ ಸೇರಿಸಬೇಡಿ. ಪಂಕ್ಚರ್ ಆದಾಗ ಹತ್ತಿರದ ಅಂಗಡಿಯವರೆಗೆ ನಿಧಾನವಾಗಿ ಬರಲು ಸಾಕು. ಬಿರುಕು ಕಂಡರೆ ಅದಕ್ಕೂ ಬದಲಿ ಬೇಕು. ನಿಮ್ಮ ಗಾಡಿಯಲ್ಲಿ ಅದು ಹಿಂದೆ ತಳದಲ್ಲಿ ತೂಗುತ್ತದೆ, ಕೆಸರು ಬಡಿದು ಇಳಿಸುವ ತಿರುಪು ತುಕ್ಕು ಹಿಡಿದಿರುತ್ತದೆ. ನಟ್ಟು ಸರಿಪಡಿಸಲು ಹೋದಾಗಲೇ ಸ್ಟೆಪ್ನಿಯನ್ನೂ ಇಳಿಸಿ, ತಿರುಪಿಗೆ ಗ್ರೀಸ್ ಹಚ್ಚಿಸಿ, ಗಾಳಿ ತುಂಬಿಸಿಕೊಂಡು ಬನ್ನಿ. ಏಳು ವರ್ಷದಲ್ಲಿ ಅದರ ಗಾಳಿಯನ್ನು ಯಾರೂ ನೋಡಿರಲಿಕ್ಕಿಲ್ಲ.